ಟಿಬಿ ಮಾತ್ರೆಗೆ ತಗ್ಗಿದ ಜ್ವರ: ಕುರಿಗಾಹಿಯೊಬ್ಬರ ಬೆನ್ನುಮೂಳೆಯ ಪ್ರಕರಣ

ಈ ಪ್ರಕರಣವನ್ನು ಬರೆಯಲು ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಗುರುತು ಸಿಗುವಂತಹ ವಿವರಗಳನ್ನು ಕೆಲವೆಡೆ ಬಿಟ್ಟಿದ್ದೇನೆ, ಕೆಲವೆಡೆ ಬದಲಿಸಿದ್ದೇನೆ. ಕಾಯಿಲೆ ನಡೆದ ದಾರಿ, ನಾವು ಕೊಟ್ಟ ಔಷಧ, ನಾವು ಎಡವಿದ ಜಾಗಗಳು ಮಾತ್ರ ಇದ್ದಂತೆಯೇ ಇವೆ. ಉದ್ದಕ್ಕೂ ಅವರನ್ನು ‘ರೋಗಿ’ ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ. ಮಂದೆಯ ಹುಡುಗರು ಅವರನ್ನು ಯಜಮಾನ ಎನ್ನುತ್ತಿದ್ದರು. ಇಲ್ಲಿಯೂ ಅವರು ಯಜಮಾನರೇ.

ಹಿನ್ನೆಲೆ

ಯಜಮಾನರು ಚಿತ್ರದುರ್ಗ ಜಿಲ್ಲೆಯ ಪೂರ್ವ ಭಾಗದ ಒಂದು ಹಟ್ಟಿಯವರು. ವಯಸ್ಸು ಐವತ್ತರ ಆಸುಪಾಸು. ಇನ್ನೂರಕ್ಕೂ ಹೆಚ್ಚು ಕುರಿ, ಜೊತೆಗೆ ಹಾಲಿಗೆಂದು ಹತ್ತು ಹನ್ನೆರಡು ಆಡು. ಮಳೆಗಾಲದಲ್ಲಿ ಊರ ಸುತ್ತಲಿನ ಬೀಳು, ಕಾವಲುಗಳಲ್ಲಿ ಮೇವು. ಸುಗ್ಗಿ ಮುಗಿಯುತ್ತಲೇ ಮಂದೆ ಹೊಡೆದುಕೊಂಡು ಪಡುವಣಕ್ಕೆ, ದಾವಣಗೆರೆ, ಹರಿಹರದ ಕಡೆಯ ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೆ ಬರುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಮಂದೆ ತರುಬಿದರೆ ನೆಲಕ್ಕೆ ಗೊಬ್ಬರವಾಗುತ್ತದೆ, ಗದ್ದೆಯವರು ಅದಕ್ಕೆ ಹಣವನ್ನೋ ಭತ್ತವನ್ನೋ ಕೊಡುತ್ತಾರೆ. ಹಗಲು ಮೇಯಿಸುವುದು, ರಾತ್ರಿ ಕಂಬಳಿ ಹೊದ್ದು ಮಂದೆಯ ಪಕ್ಕದಲ್ಲೇ ಮಲಗುವುದು, ಮರಿ ಹಾಕುವ ಕುರಿಗೆ ಬರಿಗೈಯಲ್ಲೇ ಸೂಲಗಿತ್ತಿಯ ಕೆಲಸ ಮಾಡುವುದು: ವರ್ಷದ ಅರ್ಧ ಹೀಗೆ ಕಳೆಯುತ್ತದೆ.

ಅಂತಹ ಒಂದು ಸುಗ್ಗಿಯ ನಂತರ, ಜನವರಿಯಲ್ಲಿ, ಅವರು ದಾವಣಗೆರೆಯಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಗೆ ಬಂದರು. ಗದ್ದೆಯ ಮಾಲೀಕರೇ ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದರು. ನಾಲ್ಕು ತಿಂಗಳಿನಿಂದ ಸೊಂಟ ನೋವು. ಸಂಜೆಯಾದರೆ ಮೈ ಬಿಸಿ. ನಡುರಾತ್ರಿ ಕಂಬಳಿ ಹಿಂಡುವಷ್ಟು ಬೆವರು. ಒಂದೆರಡು ವಾರ ಜ್ವರವೇ ಇಲ್ಲದೆ ಆರಾಮ, ಮತ್ತೆ ಒಂದು ವಾರ ಹಾಸಿಗೆ. ಒಂಬತ್ತು ಕಿಲೋ ತೂಕ ಇಳಿದಿತ್ತು. ಎದ್ದು ನಿಲ್ಲಬೇಕಾದರೆ ತೊಡೆಯ ಮೇಲೆ ಕೈಯೂರಿ, ಮೈಯನ್ನು ತಾವೇ ಮೇಲಕ್ಕೆ ಹತ್ತಿಸಿಕೊಳ್ಳುವ ಹಾಗೆ ಏಳುತ್ತಿದ್ದರು.

ಅಷ್ಟರಲ್ಲಾಗಲೇ ಇಬ್ಬರು ವೈದ್ಯರನ್ನು ಕಂಡಿದ್ದರು. ಮೊದಲನೆಯವರು ವಿಡಾಲ್ ಪರೀಕ್ಷೆ ಮಾಡಿಸಿ ವಿಷಮಶೀತ ಜ್ವರ ಎಂದು ಮೂರು ಬಾರಿ ಇಂಜೆಕ್ಷನ್ ಕೊಟ್ಟಿದ್ದರು. ಎರಡನೆಯವರು ನೀರಿನ ಫ್ಲೋರೈಡ್ ಮೇಲೆ ಅನುಮಾನಪಟ್ಟಿದ್ದರು. ಅದನ್ನು ತಪ್ಪೆನ್ನಲಾರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿಗಳು ಈ ಮಿತಿಯನ್ನು ದಾಟಿವೆ. ಹಲ್ಲಿನ ಮೇಲೆ ಕಂದು ಪಟ್ಟಿ, ಬಾಗದ ಬೆನ್ನು ಇವೆರಡೂ ಆ ಭಾಗದಲ್ಲಿ ಹೊಸದಲ್ಲ. ಆದರೆ ಫ್ಲೋರೈಡ್ ಮೂಳೆಯನ್ನು ಬಿಗಿಯಾಗಿಸುತ್ತದೆ, ಜ್ವರ ತರುವುದಿಲ್ಲ.

ಅವರ ಕೈಗಳನ್ನು ಮೊದಲ ದಿನವೇ ನೋಡಿದ್ದೆ. ಜಡ್ಡುಗಟ್ಟಿದ ಅಂಗೈ, ಉಗುರಿನ ಬುಡದಲ್ಲಿ ಸಣ್ಣ ಸಣ್ಣ ಸೀಳು, ಒಂದೆರಡು ಸೀಳಿನಲ್ಲಿ ಒಣಗಿದ ರಕ್ತ. ನೋಡಿದ್ದೆ, ಅಷ್ಟೆ. ಕೇಸ್ ಶೀಟಿನಲ್ಲಿ ‘ವೃತ್ತಿ: ಕುರಿ ಸಾಕಣೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದೆ.

ನಮ್ಮ ಮೊದಲ ತೀರ್ಮಾನ

ಮೈಯೊಳಗಿನ ಉರಿಯೂತವನ್ನು ತೋರಿಸುವ ಇಎಸ್‌ಆರ್ 68, ಏರಿತ್ತು. ಹಿಮೋಗ್ಲೋಬಿನ್ 10.4. ಬಿಳಿ ರಕ್ತಕಣಗಳ ಎಣಿಕೆ ಸಹಜ. ಯಕೃತ್ತಿನ ಕಿಣ್ವಗಳು ಸ್ವಲ್ಪ ಏರಿದ್ದವು. ಎದೆಯ ಎಕ್ಸ್‌ರೇ ಚೆನ್ನಾಗಿತ್ತು. ಎಂಆರ್‌ಐನಲ್ಲಿ ಸೊಂಟದ ಮೂರನೇ ಮತ್ತು ನಾಲ್ಕನೇ ಕಶೇರುಮಣಿಗಳು ಹಾಗೂ ಅವುಗಳ ನಡುವಿನ ಡಿಸ್ಕ್ ಸೋಂಕಿಗೆ ಒಳಗಾದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಸಣ್ಣದೊಂದು ಕೀವಿನ ಶೇಖರಣೆ. ವರದಿಯ ಕೊನೆಯ ಸಾಲು: ‘ಕ್ಷಯದ ಸಾಧ್ಯತೆ ಹೆಚ್ಚು’.

ಬೆನ್ನುಮೂಳೆಯ ಮಾದರಿ ತೆಗೆದು ಪರೀಕ್ಷಿಸಬೇಕೆಂದು ಚರ್ಚೆಯಾಯಿತು. ಸಿಟಿ ಸ್ಕ್ಯಾನ್ ನೆರವಿನಿಂದ ಸೂಜಿ ಹಾಕಬೇಕು, ಸರದಿ ಹತ್ತು ದಿನ ದೂರವಿತ್ತು. ಯಜಮಾನರು ನೋವಿನಲ್ಲಿ ನರಳುತ್ತಿದ್ದರು. ಮಂದೆ ಅತ್ತ ಗದ್ದೆಯಲ್ಲಿ ಹದಿನೇಳರ ಮಗನ ಕೈಯಲ್ಲಿತ್ತು. ದಿನಗೂಲಿಯವರಿಗೂ ಕುರಿಗಾಹಿಗಳಿಗೂ ಹತ್ತು ದಿನ ಎಂದರೆ ಏನೆಂದು ನಮಗೆ ಗೊತ್ತಿತ್ತು. ನಮ್ಮ ದೇಶದಲ್ಲಿ ಬೆನ್ನುಮೂಳೆ ಸವೆದು ಜ್ವರ ಬಂದರೆ ಹೆಚ್ಚಿನ ಸಲ ಅದು ಕ್ಷಯವೇ. ಹಾಗಾಗಿ ಮಾದರಿ ತೆಗೆಯದೆ ಟಿಬಿ ಚಿಕಿತ್ಸೆ ಆರಂಭಿಸಿದೆವು. ಟಿಬಿ ರೋಗಿಗಳ ಸರ್ಕಾರಿ ದಾಖಲೆಯಾದ ನಿಕ್ಷಯ್‌ನಲ್ಲಿ ನೋಂದಣಿಯಾಯಿತು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ನಾಲ್ಕೂ ಸೇರಿದ ಮಾತ್ರೆ ಎರಡು ತಿಂಗಳು, ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು, ಒಟ್ಟು ಒಂದು ವರ್ಷ. ಆದೇಶಕ್ಕೆ ಸಹಿ ಹಾಕಿದವನು ನಾನು.

ಮೂರನೇ ವಾರ ಅವರು ತಪಾಸಣೆಗೆ ಬಂದಾಗ ನಮಗೆಲ್ಲ ಸಮಾಧಾನವಾಯಿತು. ಜ್ವರ ಇಳಿದಿತ್ತು. ಬೆವರು ನಿಂತಿತ್ತು. ಗೋಡೆ ಹಿಡಿಯದೆ ನಡೆದು ಬಂದರು. ಎರಡನೇ ತಿಂಗಳಿಗೆ ನಾಲ್ಕು ಕಿಲೋ ತೂಕ ಮರಳಿತ್ತು. ‘ಚಿಕಿತ್ಸೆಗೆ ಉತ್ತಮ ಸ್ಪಂದನೆ, ರೋಗನಿರ್ಣಯ ದೃಢ’ ಎಂದು ಬರೆದೆ. ಈ ಪ್ರಕರಣದಲ್ಲಿ ನಾನು ಬರೆದ ಅತ್ಯಂತ ದುಬಾರಿ ಸಾಲು ಅದು. ಆ ಸಾಲಿನ ನಂತರ ಯಾರೂ, ನಾನೂ ಸೇರಿ, ರೋಗ ಯಾವುದೆಂದು ಮತ್ತೆ ಕೇಳಲಿಲ್ಲ.

ಐದನೇ ತಿಂಗಳು

ಮುಂಗಾರು ಹಿಡಿಯುವ ಹೊತ್ತಿಗೆ ಅವರು ಹಟ್ಟಿಗೆ ಮರಳಿದ್ದರು. ಜೂನ್‌ನಲ್ಲಿ ಮತ್ತೆ ದಾಖಲಾದರು. ಈ ಸಲ ಸ್ಟ್ರೆಚರ್ ಮೇಲೆ. ಜ್ವರ 102 ಡಿಗ್ರಿ, ಸೊಂಟದ ನೋವು ಎಡಗಾಲಿಗೆ ಇಳಿದಿತ್ತು, ಅಂಗಾಲಿನಲ್ಲಿ ಜೋಮು. ಹೊಸ ಎಂಆರ್‌ಐನಲ್ಲಿ ಸೋಂಕು ಮೊದಲಿಗಿಂತ ಹರಡಿತ್ತು.

ಸುತ್ತು ಬರುವಾಗ ನಮ್ಮ ಬಾಯಿಂದ ಬಂದ ಮೊದಲ ಪ್ರಶ್ನೆ, “ಮಾತ್ರೆ ತಪ್ಪಿಸಿದ್ದೀರಾ?” ಎಂಬುದು. ಅದು ಪ್ರಶ್ನೆಯ ಹಾಗೆ ಇರಲಿಲ್ಲ, ಆರೋಪದ ಹಾಗಿತ್ತು. ಊರೂರು ಅಲೆಯುವ ಜನ, ಮಾತ್ರೆ ಎಲ್ಲಿ ಸರಿಯಾಗಿ ನುಂಗಿರುತ್ತಾರೆ ಎಂಬ ಊಹೆ ಅದರ ಒಳಗಿತ್ತು. ಯಜಮಾನರು ಉತ್ತರ ಕೊಡಲಿಲ್ಲ. ಅವರ ಹೆಂಡತಿ ಮಂಚದ ಕೆಳಗಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಮುಚ್ಚಳ ಬಿಗಿಯಾಗಿತ್ತು. ಸೆರಗಿನಿಂದ ಹಿಡಿದು ತಿರುಗಿಸಿ ತೆಗೆದು, ಹಾಸಿಗೆಯ ಮೇಲೆ ಸುರಿದರು. ಖಾಲಿ ಮಾತ್ರೆಪಟ್ಟಿಗಳು. ತಿಂಗಳಿಗೊಂದು ಕಟ್ಟು, ಪ್ರತಿ ಕಟ್ಟಿಗೂ ಕರಿ ಉಣ್ಣೆಯ ದಾರ. ಐದು ಕಟ್ಟು. ಒಂದು ಗುಳಿಯಲ್ಲೂ ಮಾತ್ರೆ ಉಳಿದಿರಲಿಲ್ಲ.

“ಎಸೆದರೆ ನೀವು ನಂಬುವುದಿಲ್ಲ ಎಂದು ಇಟ್ಟಿದ್ದೇನೆ ಸ್ವಾಮಿ” ಎಂದರು ಆ ತಾಯಿ.

ನಾನು ಕ್ಷಮೆ ಕೇಳಿದೆ. ಅದು ಅವರಿಗಾಗಿ. ನನಗಾಗಿ ಅಲ್ಲಿ ಇನ್ನೊಂದು ಮಾತಿತ್ತು: ಮಾತ್ರೆ ತಪ್ಪಿಲ್ಲ ಎಂದಾದರೆ ಉಳಿಯುವುದು ಎರಡೇ ದಾರಿ. ಔಷಧಕ್ಕೆ ಬಗ್ಗದ ಟಿಬಿ, ಇಲ್ಲವೇ ಟಿಬಿಯೇ ಅಲ್ಲದ ಬೇರೆ ರೋಗ.

ತಂಡದ ಒಲವು ಮೊದಲನೆಯದರ ಕಡೆಗಿತ್ತು. ಅದಕ್ಕೆ ತರ್ಕವೂ ಇತ್ತು. ಮೊದಲು ಗುಣ ಕಂಡಿದೆ, ಈಗ ಉಲ್ಬಣಿಸಿದೆ, ಪ್ರತಿರೋಧ ಬೆಳೆದಿರಬೇಕು. ಬೆಡಾಕ್ವಿಲಿನ್, ಲಿನೆಜೊಲಿಡ್ ಒಳಗೊಂಡ, ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದ ಚಿಕಿತ್ಸೆಗೆ ಕಾಗದಪತ್ರ ಸಿದ್ಧವಾಗತೊಡಗಿತು. ಲಿನೆಜೊಲಿಡ್ ದೀರ್ಘಕಾಲ ಕೊಟ್ಟರೆ ನರಗಳಿಗೆ, ಕಣ್ಣಿಗೆ, ರಕ್ತಕ್ಕೆ ತೊಂದರೆಯಾಗಬಹುದು. ಕಾಲಿನಲ್ಲಿ ಆಗಲೇ ಜೋಮು ಇರುವವರಿಗೆ ಅದನ್ನು ಕೊಡುವ ಮೊದಲು ಈ ಸಲವಾದರೂ ಮೂಳೆಯ ಮಾದರಿ ತೆಗೆಯೋಣ ಎಂದು ಹಟ ಹಿಡಿದೆ. ಮೂಳೆರೋಗ ತಜ್ಞರು ನನ್ನ ಜೊತೆ ನಿಂತರು.

ಅಲ್ಲಿ ಒಂದು ಕಷ್ಟದ ತೀರ್ಮಾನ ತೆಗೆದುಕೊಳ್ಳಬೇಕಾಯಿತು. ಔಷಧ ಒಳಗಿರುವಾಗ ಮಾದರಿ ತೆಗೆದರೆ ರೋಗಾಣು ಬೆಳೆಯುವುದು ಕಷ್ಟ. ಎಲ್ಲ ಮಾತ್ರೆಗಳನ್ನೂ ಏಳು ದಿನ ನಿಲ್ಲಿಸಿದೆವು. ಜ್ವರದಲ್ಲಿ ಬೇಯುತ್ತಿರುವವರ ಔಷಧ ನಿಲ್ಲಿಸಿ ಕಾಯುವುದು ಹೇಳಿದಷ್ಟು ಸುಲಭವಲ್ಲ. ಕಾಲಿನ ಬಲ ಕುಂದಿದರೆ ತಕ್ಷಣ ಶಸ್ತ್ರಚಿಕಿತ್ಸೆ ಎಂದು ಮೊದಲೇ ಮಾತಾಡಿಕೊಂಡು, ದಿನಕ್ಕೆ ಎರಡು ಸಲ ಕಾಲು ಪರೀಕ್ಷಿಸುತ್ತ ಕಾದೆವು. ಏಳನೇ ದಿನ ಮೂಳೆಗೆ ಸೂಜಿ ಹಾಕಿದೆವು, ಮೂರು ಬಾಟಲಿ ರಕ್ತವನ್ನು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳುಹಿಸಿದೆವು.

ಟಿಬಿ ರೋಗಾಣುವಿನ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಟಿಬಿ ಕಾಣಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಗ್ರಾನುಲೋಮಾಗಳು, ಅಂದರೆ ಉರಿಯೂತದ ಕೋಶಗಳ ಗಂಟುಗಳು, ಇದ್ದವು, ಆದರೆ ಸಣ್ಣವು, ಟಿಬಿಯಲ್ಲಿ ಕಾಣುವ ಗಿಣ್ಣಿನಂತಹ ಕೊಳೆತ ಇರಲಿಲ್ಲ. ಐದು ತಿಂಗಳು ಔಷಧ ಪಡೆದವರಲ್ಲಿ ಇದರಿಂದ ಟಿಬಿ ಇಲ್ಲವೆಂದು ಹೇಳಲಾಗದು. ಹೌದು ಎನ್ನಲೂ ಆಗದು. ಮತ್ತೆ ಅದೇ ಕವಲಿನಲ್ಲಿ ನಿಂತಿದ್ದೆವು.

ಬಿಡುಗಡೆ ಕೇಳಲು ಬಂದ ತಾಯಿ

ಮಾದರಿ ತೆಗೆದ ಎರಡನೇ ದಿನ ಸಂಜೆ ಆ ತಾಯಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮೂರು ದಿನದ ಮಟ್ಟಿಗಾದರೂ ಊರಿಗೆ ಹೋಗಿ ಬರುತ್ತೇನೆ, ಇವರನ್ನು ನೋಡಿಕೊಳ್ಳಲು ತಮ್ಮನನ್ನು ಕಳುಹಿಸುತ್ತೇನೆ ಎಂದರು. ಏನಾಯಿತು ತಾಯಿ ಎಂದು ಕೇಳಿದೆ.

“ಕುರಿ ಕಂದು ಹಾಕುತ್ತಿವೆ ಸ್ವಾಮಿ. ಹುಡುಗ ಒಬ್ಬನೇ ಇದ್ದಾನೆ. ನಿನ್ನೆ ಮೂರು, ಇವತ್ತು ಎರಡು. ಹೋದ ವರ್ಷವೂ ಹೀಗೆಯೇ ಆಗಿತ್ತು. ತುಂಬಿದ ಗಬ್ಬ, ಇನ್ನೇನು ಮರಿ ಬೀಳಬೇಕು, ಅಷ್ಟರಲ್ಲಿ ಸತ್ತ ಮರಿ. ಇವರು ರಾತ್ರಿಯೆಲ್ಲ ಕೂತು ಮಾಸು ಕೈಯಿಂದ ಎಳೆದು ತೆಗೆದರು. ಉಸಿರಿದ್ದ ಮರಿಗಳ ಮೂಗಿಗೆ ಬಾಯಿಟ್ಟು ಊದಿದರು. ಅದರ ಹಿಂದೆಯೇ ಇವರಿಗೆ ಜ್ವರ ಹಿಡಿದದ್ದು.”

ಕಂದು ಹಾಕುವುದೆಂದರೆ ಕುರಿಗೆ ಗರ್ಭಪಾತವಾಗುವುದು. ಕಡೆಯ ಮಾತನ್ನು ಅವರು ಕಾಲ ಗುರುತಿಸಲು ಹೇಳಿದ್ದರು, ನಮ್ಮಲ್ಲಿ ಯುಗಾದಿಯ ಮುಂಚೆ, ಜಾತ್ರೆಯ ನಂತರ ಎನ್ನುವ ಹಾಗೆ. ನನಗೆ ಮಾತ್ರ ಮೊದಲ ದಿನ ನೋಡಿದ್ದ ಆ ಕೈಗಳು, ಉಗುರಿನ ಬುಡದ ಸೀಳುಗಳು ಕಣ್ಣಮುಂದೆ ಬಂದವು.

ಕಾಲೇಜಿನ ದಿನಗಳ ಗೆಳೆಯನೊಬ್ಬ ಪಶುವೈದ್ಯ. ಕೂಡಲೇ ಫೋನ್ ಮಾಡಿದೆ. ನಾನು ಎರಡು ವಾಕ್ಯ ಮುಗಿಸುವಷ್ಟರಲ್ಲಿ ಅವನು, “ಬ್ರುಸೆಲ್ಲಾ. ಕಂದು ರೋಗ. ಹಸಿ ಹಾಲು ಕುಡಿಯುತ್ತಾರಾ ಕೇಳಿದ್ದೀಯಾ?” ಎಂದ. ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಕೇಳಿದೆ. ಮಂದೆಯಲ್ಲಿ ಒಲೆ ಹೊತ್ತಿಸುವುದು ರಾತ್ರಿ ಮುದ್ದೆಗೆ ಮಾತ್ರ. ಬೆಳಿಗ್ಗೆ ಆಡಿನ ಹಾಲನ್ನು ಕರೆದ ಬಿಸಿಯಲ್ಲೇ ಕುಡಿಯುತ್ತಾರೆ, ಎಲ್ಲರೂ, ಎಂದಿನಿಂದಲೂ.

ಇನ್ನೊಂದು ಪ್ರಶ್ನೆಯನ್ನು ಹೆಂಗಸರು ಹೊರಗೆ ಹೋದ ಮೇಲೆ, ಪರದೆ ಎಳೆದು ಕೇಳಿದೆ. ಯಜಮಾನರು ಬಹಳ ಹೊತ್ತು ಚಾವಣಿ ನೋಡುತ್ತ ಮಲಗಿದ್ದರು. ಆಮೇಲೆ, “ಮೊದಲ ತಿಂಗಳು ಬಲಬೀಜ ಬಾತುಕೊಂಡಿತ್ತು ಸಾರ್. ತಾನಾಗಿ ಇಳಿಯಿತು. ಅದನ್ನು ಹೇಗೆ ಹೇಳುವುದು ಎಂದು ಬಿಟ್ಟೆ” ಎಂದರು. ವೃಷಣದ ಊತ ಈ ರೋಗದ ಹಳೆಯ ಗುರುತುಗಳಲ್ಲೊಂದು. ಒಂದು ಪರದೆ ಎಳೆದು ಕೇಳಿದ್ದರೆ ಜನವರಿಯಲ್ಲೇ ಸಿಗಬೇಕಾದ ಉತ್ತರ ಅದು.

ಬ್ರುಸೆಲ್ಲಾ ರೋಗಾಣುವಿನಿಂದ ಪ್ರಾಣಿಗಳಿಗೂ ಅವುಗಳಿಂದ ಮನುಷ್ಯರಿಗೂ ಬರುವ ಬ್ರುಸೆಲ್ಲೋಸಿಸ್ ಹೊಸ ರೋಗವೇನಲ್ಲ. ಮಾಲ್ಟಾ ದ್ವೀಪದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಗುಲ್ಮದಲ್ಲಿ ಡೇವಿಡ್ ಬ್ರೂಸ್ 1887ರಲ್ಲಿ ಈ ರೋಗಾಣುವನ್ನು ಗುರುತಿಸಿದ್ದರು. ಅದು ಆಡುಗಳ ಹಾಲಿನಿಂದ ಬರುತ್ತದೆ ಎಂಬ ಸುಳಿವು ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಜಮ್ಮಿತ್ ಅವರಿಗೆ 1905ರಲ್ಲಿ ಸಿಕ್ಕಿತು. ಮರುವರ್ಷ ಸೈನಿಕರಿಗೆ ಆ ಹಾಲು ಕೊಡುವುದನ್ನು ನಿಲ್ಲಿಸಿದಾಗ ಅವರಲ್ಲಿ ಜ್ವರ ಇಳಿದುಹೋಯಿತು. ಪಶುವೈದ್ಯರಿಗೆ ಇದು ದಿನನಿತ್ಯದ ಹೆಸರು. ನಮ್ಮ ವಾರ್ಡುಗಳಲ್ಲಿ ಅಪರೂಪವೆನಿಸಿಕೊಂಡಿದೆ. ಅಪರೂಪ ಎಷ್ಟು, ಹುಡುಕದೆ ಬಿಟ್ಟದ್ದು ಎಷ್ಟು ಎಂಬ ಪ್ರಶ್ನೆ ಆ ದಿನದಿಂದ ನನ್ನನ್ನು ಬಿಟ್ಟಿಲ್ಲ.

‘ನೆಗೆಟಿವ್’ ಎಂದು ಬಂದ ವರದಿ

ಅಗ್ಲುಟಿನೇಷನ್ ಪರೀಕ್ಷೆಗೆ ರಕ್ತ ಕಳುಹಿಸಿದೆವು. ರೋಗಿಯ ರಕ್ತಸಾರವನ್ನು ಹಂತ ಹಂತವಾಗಿ ತೆಳುಮಾಡಿ, ಪ್ರತಿ ಹಂತದಲ್ಲೂ ರೋಗಾಣುಗಳು ಒಟ್ಟುಗೂಡಿ ಗಂಟುಕಟ್ಟುತ್ತವೆಯೇ ಎಂದು ನೋಡುವ ಪರೀಕ್ಷೆ ಇದು. ಸಾಮಾನ್ಯವಾಗಿ 1:160 ಅಥವಾ ಅದಕ್ಕಿಂತ ಮೇಲೆ ಬಂದರೆ ಸೋಂಕಿನ ಅನುಮಾನ ಬಲವಾಗುತ್ತದೆ. ವರದಿ ನೆಗೆಟಿವ್ ಬಂತು.

ಕಾಗದ ಕೈಯಲ್ಲಿ ಹಿಡಿದು ಕೂತಿದ್ದಾಗ ನಿಜಕ್ಕೂ ಕೈಬಿಡುವ ಹಂತಕ್ಕೆ ಬಂದಿದ್ದೆ. ಅಂದು ರಾತ್ರಿ ಅದೇ ಗೆಳೆಯ ಫೋನ್ ಮಾಡಿ, “ಎಲ್ಲಿಯವರೆಗೆ ತೆಳುಮಾಡಿದ್ದಾರೆ ಕೇಳು” ಎಂದ. ಕೇಳಿದರೆ 1:160ಕ್ಕೇ ನಿಲ್ಲಿಸಿದ್ದರು. ರಕ್ತದಲ್ಲಿ ಪ್ರತಿಕಾಯಗಳು ಅತಿಯಾಗಿದ್ದರೆ ಮೊದಲ ಕೆಲವು ಕೊಳವೆಗಳಲ್ಲಿ ಗಂಟು ಕಟ್ಟುವುದೇ ಇಲ್ಲ. ಇನ್ನೂ ತೆಳುವಾದಂತೆ ಕಟ್ಟತೊಡಗುತ್ತದೆ. ಪ್ರೋಜೋನ್ ಎನ್ನುವ ಈ ಸಂಗತಿಯನ್ನು ನಾನು ಎಂಬಿಬಿಎಸ್ ಎರಡನೇ ವರ್ಷದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ. ಅದೇ ರಕ್ತವನ್ನು ಮುಂದಿನ ಹಂತಗಳಿಗೂ ಒಯ್ಯಲು ಕೇಳಿಕೊಂಡೆವು. 1:1280ರ ಕೊಳವೆಯಲ್ಲಿ ಗಂಟು ಸ್ಪಷ್ಟವಾಗಿತ್ತು.

ವಿಕಿರಣ ತಜ್ಞರನ್ನು ಕರೆದು ಜನವರಿಯ ಹಳೆಯ ಎಕ್ಸ್‌ರೇ, ಎಂಆರ್‌ಐಗಳನ್ನು ಮತ್ತೆ ದೀಪದ ಮುಂದಿಟ್ಟೆವು. ಟಿಬಿ ಹೆಚ್ಚಾಗಿ ಎದೆಯ ಭಾಗದ ಕಶೇರುಗಳನ್ನು ಹಿಡಿದು, ಮೂಳೆಯನ್ನು ಕುಸಿಯುವಂತೆ ಮಾಡಿ, ಬೆನ್ನಿಗೆ ಗೂನು ತರುತ್ತದೆ. ಕೀವೂ ದೊಡ್ಡದಾಗಿ ಕಟ್ಟಿಕೊಳ್ಳುತ್ತದೆ. ಇಲ್ಲಿ ರೋಗ ಸೊಂಟದಲ್ಲಿತ್ತು. ಕಶೇರುಮಣಿಗಳ ಆಕಾರ ಕೆಟ್ಟಿರಲಿಲ್ಲ. ನಾಲ್ಕನೇ ಮಣಿಯ ಮುಂಭಾಗದ ಮೇಲಿನ ಮೂಲೆ ಇಲಿ ಕಡಿದಂತೆ ಸವೆದಿತ್ತು, ಅದರ ಪಕ್ಕದಲ್ಲೇ ಹೊಸ ಮೂಳೆ ಗಿಳಿಯ ಕೊಕ್ಕಿನಂತೆ ಚಾಚಿಕೊಂಡಿತ್ತು. ಸವೆತ ಮತ್ತು ದುರಸ್ತಿ ಒಟ್ಟೊಟ್ಟಿಗೆ ನಡೆಯುವುದು ಬ್ರುಸೆಲ್ಲಾದ ರೀತಿ. ಚಿತ್ರ ಐದು ತಿಂಗಳಿಂದ ನಮ್ಮ ಬಳಿಯೇ ಇತ್ತು.

ಹಾಗಾದರೆ ಟಿಬಿ ಮಾತ್ರೆಗೆ ಅವರು ಚೇತರಿಸಿಕೊಂಡದ್ದು ಹೇಗೆ? ಉತ್ತರ ರಿಫಾಂಪಿಸಿನ್‌ನಲ್ಲಿದೆ. ಬ್ರುಸೆಲ್ಲಾ ನಮ್ಮ ಜೀವಕೋಶಗಳ ಒಳಗೆ ಅವಿತು ಬದುಕುವ ರೋಗಾಣು. ರಿಫಾಂಪಿಸಿನ್ ಕೋಶದೊಳಗೆ ಇಳಿದು ಅದನ್ನು ಕೊಲ್ಲಬಲ್ಲದು. ಆದರೆ ಒಂಟಿಯಾಗಿ ಅದರ ಕೈಯಲ್ಲಿ ಪೂರ್ತಿ ಆಗುವುದಿಲ್ಲ. ಜೊತೆಗಿದ್ದ ಉಳಿದ ಟಿಬಿ ಔಷಧಗಳಿಂದ ಬ್ರುಸೆಲ್ಲಾಗೆ ಏನೂ ಆಗುವುದಿಲ್ಲ. ಹೀಗೆ ಅರ್ಧ ಚಿಕಿತ್ಸೆ ನಡೆಯಿತು, ಅರ್ಧ ಗುಣ ಕಂಡಿತು, ಆ ಅರ್ಧವನ್ನು ನಾವು ರುಜುವಾತು ಎಂದುಕೊಂಡೆವು.

ಪ್ರಯೋಗಾಲಯದಲ್ಲಿ ಆದದ್ದು

ಇದನ್ನು ಬರೆಯದೆ ಬಿಟ್ಟರೆ ಪ್ರಕರಣ ಅರ್ಧವಾಗುತ್ತದೆ. ಕಲ್ಚರ್‌ಗೆ ರಕ್ತ ಕಳುಹಿಸಿದ್ದು ಆ ತಾಯಿ ಮಾತಾಡುವ ಎರಡು ದಿನ ಮೊದಲು. ಬ್ರುಸೆಲ್ಲಾದ ಅನುಮಾನ ಮೂಡಿದ ಮೇಲೆ ನಾನು ಪಶುವೈದ್ಯನಿಗೆ ಫೋನ್ ಮಾಡಿದೆ, ವಿಕಿರಣ ತಜ್ಞರಿಗೆ ಮಾಡಿದೆ. ಒಂದೇ ಕಟ್ಟಡದ ಎರಡನೇ ಮಹಡಿಯಲ್ಲಿದ್ದ ಪ್ರಯೋಗಾಲಯಕ್ಕೆ ಮಾಡಲಿಲ್ಲ.

ಆರನೇ ದಿನ, ಬಾಟಲಿಯಲ್ಲಿ ರೋಗಾಣು ಬೆಳೆದಿದೆ ಎಂದು ಕಲ್ಚರ್ ಯಂತ್ರ ಸದ್ದು ಮಾಡಿತು. ಯುವ ತಂತ್ರಜ್ಞೆಯೊಬ್ಬರು ಬಾಟಲಿಯಿಂದ ತೆಗೆದು ತೆರೆದ ಮೇಜಿನ ಮೇಲೆಯೇ ಪ್ಲೇಟಿಗೆ ಹಚ್ಚಿದರು, ಎರಡು ದಿನದ ನಂತರ ಅದನ್ನು ಬಿಚ್ಚಿ ಪರಿಶೀಲಿಸಿದರು. ಗಾಜಿನ ಪಟ್ಟಿಯ ಮೇಲೆ ಮರಳು ಚೆಲ್ಲಿದಂತೆ ಕಾಣುವ ಅತಿ ಸಣ್ಣ ರೋಗಾಣುಗಳನ್ನು ನೋಡಿದ ಹಿರಿಯ ಸೂಕ್ಷ್ಮಜೀವಿ ತಜ್ಞರಿಗೆ ಅನುಮಾನ ಬಂದು ಕೆಲಸ ನಿಲ್ಲಿಸಿ ನನಗೆ ಕರೆ ಮಾಡಿದರು. ಪ್ರಯೋಗಾಲಯದ ಸಿಬ್ಬಂದಿಗೆ ಅತಿ ಸುಲಭವಾಗಿ ಅಂಟುವ ರೋಗಾಣುಗಳಲ್ಲಿ ಇದೂ ಒಂದು, ಗಾಳಿಯಲ್ಲಿ ತೇಲುವ ಕಣಗಳನ್ನು ಉಸಿರಾಡಿದರೂ ಸಾಕು. ಸುರಕ್ಷತಾ ಕ್ಯಾಬಿನೆಟ್‌ನ ಒಳಗಷ್ಟೇ ತೆರೆಯಬೇಕಾದದ್ದು.

ಆ ಹುಡುಗಿಗೆ ಮೂರು ವಾರ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಕೊಟ್ಟೆವು, ಆರು ವಾರಕ್ಕೊಮ್ಮೆಯಂತೆ 24 ವಾರಗಳವರೆಗೆ ರಕ್ತ ಪರೀಕ್ಷಿಸಿದೆವು. ಸೋಂಕು ತಗುಲಲಿಲ್ಲ. ಆಕೆಯ ತಂದೆ ಒಮ್ಮೆ ನನ್ನನ್ನು ಹುಡುಕಿಕೊಂಡು ಬಂದು, ಜಗಳವಾಡದೆ, “ಒಂದು ಫೋನ್ ಮಾಡಬಹುದಿತ್ತಲ್ಲವೇ ಸಾರ್?” ಎಂದಷ್ಟೇ ಕೇಳಿ ಹೋದರು. ಮಾಡಬಹುದಿತ್ತು. ಅನುಮಾನವಿದ್ದರೆ ಕೋರಿಕೆ ಚೀಟಿಯಲ್ಲಿ ರೋಗದ ಹೆಸರು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುವುದು, ಆ ಮೇಲೆ ಮೆಟ್ಟಿಲು ಹತ್ತಿ ಹೋಗಿ ಬಾಯಲ್ಲೂ ಹೇಳುವುದು ಈಗ ನಮ್ಮ ವಿಭಾಗದ ನಿಯಮ.

ರೋಗಾಣುವನ್ನು ಬೆಂಗಳೂರಿಗೆ ಕಳುಹಿಸಿ ಖಚಿತಪಡಿಸಿಕೊಂಡೆವು: ಬ್ರುಸೆಲ್ಲಾ ಮೆಲಿಟೆನ್ಸಿಸ್, ಕುರಿ ಆಡುಗಳದ್ದು.

ಔಷಧ ಆರಿಸಿದ ಬಗೆ

ಬೆನ್ನುಮೂಳೆಯ ಬ್ರುಸೆಲ್ಲಾಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್, ಆರಂಭದ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುತ್ತಾರೆ. ಕನಿಷ್ಠ ಮೂರು ತಿಂಗಳ ಚಿಕಿತ್ಸೆ. ನಾವು ಹಾಗೆ ಮಾಡಲಿಲ್ಲ. ಸ್ಟ್ರೆಪ್ಟೊಮೈಸಿನ್, ರಿಫಾಂಪಿಸಿನ್ ಎರಡೂ ಟಿಬಿಯ ಔಷಧಗಳೇ. ಅವುಗಳನ್ನೇ ಕೊಟ್ಟು ಗುಣವಾದರೆ, ಯಾವ ರೋಗ ಗುಣವಾಯಿತು ಎಂಬ ಅದೇ ಗೊಂದಲಕ್ಕೆ ಎರಡನೇ ಬಾರಿ ಬೀಳುತ್ತಿದ್ದೆವು. ಮೂಳೆಯ ಮಾದರಿಯ ಟಿಬಿ ಕಲ್ಚರ್‌ಗೆ ಆರು ವಾರ ಕಾಯಬೇಕಿತ್ತು. ಅಲ್ಲದೆ ಐದು ತಿಂಗಳು ಒಂಟಿಯಾಗಿ ರಿಫಾಂಪಿಸಿನ್ ಎದುರಿಸಿದ ರೋಗಾಣು ಅದಕ್ಕೆ ಒಗ್ಗಿಕೊಂಡಿರಬಹುದು ಎಂಬ ಭಯವೂ ಇತ್ತು.

ಹಾಗಾಗಿ ಟಿಬಿಯ ಚಿಕಿತ್ಸೆಗೆ ಬಳಸದ ಔಷಧಗಳನ್ನೇ ಆರಿಸಿದೆವು: ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಕೋ-ಟ್ರೈಮಾಕ್ಸಜೋಲ್, ಮತ್ತು ಮೂತ್ರಪಿಂಡದ ಮೇಲೆ ಕಣ್ಣಿಟ್ಟು ಎರಡು ವಾರ ಜೆಂಟಾಮೈಸಿನ್. ಟಿಬಿ ಮಾತ್ರೆ ಮತ್ತೆ ಶುರು ಮಾಡಲಿಲ್ಲ. ಆ ತೀರ್ಮಾನಕ್ಕೆ ವಿಭಾಗದಲ್ಲಿ ಎಲ್ಲರ ಸಮ್ಮತಿ ಇರಲಿಲ್ಲ. ಐದನೇ ದಿನ ಜ್ವರ ಇಳಿದಾಗ ಯಾರೂ ಹಿಗ್ಗಲಿಲ್ಲ. ಇಳಿದ ಜ್ವರ ಒಮ್ಮೆ ನಮ್ಮನ್ನು ದಾರಿ ತಪ್ಪಿಸಿತ್ತು. ಆರು ವಾರದ ಟಿಬಿ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ನಾಲ್ಕು ತಿಂಗಳ ಚಿಕಿತ್ಸೆಯ ನಂತರ ಎಂಆರ್‌ಐ ತಿಳಿಯಾಯಿತು, ಒಂದು ವರ್ಷವಾದರೂ ಜ್ವರ ಮರುಕಳಿಸಲಿಲ್ಲ. ಆಗ ಮಾತ್ರ ಟಿಬಿಯ ನೋಂದಣಿಯಲ್ಲಿ ‘ರೋಗನಿರ್ಣಯ ಬದಲಾಗಿದೆ’ ಎಂದು ಬರೆಸಿದ್ದು ಸರಿ ಎಂಬ ನೆಮ್ಮದಿ ಬಂತು.

ಕುರಿಗಾಹಿಗೆ ಈ ಮಾತ್ರೆ ಕೊಡುವಾಗ ಚೀಟಿಯಲ್ಲಿ ಬರೆಯದ ಹಲವು ಮಾತು ಬಾಯಲ್ಲಿ ಹೇಳಬೇಕು. ಡಾಕ್ಸಿಸೈಕ್ಲಿನ್ ಅನ್ನು ಹಾಲಿನ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನೀರು ಕಡಿಮೆ ಕುಡಿದು ಕೂಡಲೇ ಮಲಗಿದರೆ ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಬೇಯುತ್ತದೆ. ಚಿತ್ರದುರ್ಗದ ಬಿಸಿಲಿನಲ್ಲಿ ದಿನವಿಡೀ ನಿಲ್ಲುವವರಿಗೆ ಬಿಸಿಲು ತಪ್ಪಿಸಿ ಎಂದರೆ ಏನು ಅರ್ಥ? ಯಜಮಾನರೇ ದಾರಿ ಕಂಡುಕೊಂಡರು. ಬೇಸಿಗೆಯಲ್ಲೂ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತರು.

ಮನೆಯವರು, ಮಂದೆಯವರು

ಒಬ್ಬರಲ್ಲಿ ಈ ರೋಗ ಸಿಕ್ಕರೆ ಅದೇ ಹಾಲು ಕುಡಿದವರನ್ನು, ಅದೇ ಮಾಸು ಮುಟ್ಟಿದವರನ್ನು ಹುಡುಕಬೇಕು. ಮಗನಿಗೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ರಕ್ತಪರೀಕ್ಷೆ ಪಾಸಿಟಿವ್ ಬಂತು. ಆರು ವಾರದ ಚಿಕಿತ್ಸೆಯಲ್ಲಿ ಗುಣವಾದ. ತಾಯಿಗೆ ಪ್ರತಿಕಾಯ ಸ್ವಲ್ಪ ಮಟ್ಟಿಗೆ ಇತ್ತು, ತೊಂದರೆ ಏನೂ ಇರಲಿಲ್ಲ. ಔಷಧ ಕೊಡದೆ ಗಮನಿಸುತ್ತ ಬಂದೆವು.

ಗೆಳೆಯ ಪಶುವೈದ್ಯ ಹಟ್ಟಿಗೆ ಹೋಗಿ ಕುರಿಗಳ ರಕ್ತ ಪರೀಕ್ಷಿಸಿದ. ಕಂದು ಹಾಕಿದ್ದರಲ್ಲಿ ಹನ್ನೊಂದು ಕುರಿಗಳಿಗೆ ಸೋಂಕು. ಸತ್ತ ಮರಿ, ಮಾಸುಗಳನ್ನು ನಾಯಿಗಳಿಗೆ ಎಸೆಯದೆ ಸುಣ್ಣ ಹಾಕಿ ಆಳಕ್ಕೆ ಹೂಳುವುದು, ಮರಿ ಹಾಕಿಸುವಾಗ ಕೈಗವಸು, ಹಾಲು ಉಕ್ಕಿ ಬರುವವರೆಗೆ ಕಾಯಿಸುವುದು, ಕಂದು ಹಾಕಿದ ಕುರಿಗೆ ಬೇರೆ ರೊಪ್ಪ: ಅವನು ಹೇಳಿದ್ದು ಇಷ್ಟು. ನಾನು ಮಂದೆಯ ಬದುಕು ಅರಿಯದೆ ‘ಹಾಲು ಕಾಯಿಸಿ ಕುಡಿಯಿರಿ’ ಎಂದು ಚೀಟಿಯಲ್ಲಿ ಬರೆದಿದ್ದೆ. ಅವನು ಬೆಳಗಿನ ಹಾಲನ್ನು ರಾತ್ರಿಯ ಒಲೆಯ ಹೊತ್ತಿಗೆ ಬದಲಿಸುವುದು ಹೇಗೆಂದು ಹೆಂಗಸರ ಜೊತೆ ಕೂತು ಮಾತಾಡಿ ಬಂದ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಅಂದರೆ ಹಸು ಎಮ್ಮೆಗಳಿಗೆ, ಕಂದು ರೋಗದ ಲಸಿಕೆ ಹಾಕುತ್ತಾರೆ. ಕುರಿ ಆಡುಗಳು ಆ ಲಸಿಕೆಯ ಪಟ್ಟಿಯಲ್ಲಿಲ್ಲ. ಮನುಷ್ಯರಿಗೆ ಹೆಚ್ಚು ಕಾಟ ಕೊಡುವ ಮೆಲಿಟೆನ್ಸಿಸ್ ಇರುವುದು ಮುಖ್ಯವಾಗಿ ಅವುಗಳಲ್ಲೇ. ಕುರಿ ಸಾಕಣೆಯೇ ಬದುಕಾದ ನಮ್ಮ ಎರಡು ಜಿಲ್ಲೆಗಳಲ್ಲಿ ನಿಂತು ನೋಡಿದಾಗ ಈ ಕೊರತೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈ ಪ್ರಕರಣದ ನಂತರ ನಮ್ಮಲ್ಲಿ ಕೆಲವು ಕೆಲಸದ ರೀತಿ ಬದಲಾಗಿದೆ. ಬೆನ್ನುಮೂಳೆಯ ಸೋಂಕಿಗೆ, ಕಾಲಿನ ಬಲ ಕುಂದುತ್ತಿರುವ ತುರ್ತು ಇದ್ದಾಗ ಬಿಟ್ಟರೆ, ಮಾದರಿ ತೆಗೆಯದೆ ಟಿಬಿ ಮಾತ್ರೆ ಆರಂಭಿಸುವುದಿಲ್ಲ. ಸೂಜಿಯ ಸರದಿ ಹತ್ತು ದಿನ ಎಂದರೆ ನಾನೇ ಹೋಗಿ ಕೇಳಿಕೊಳ್ಳುತ್ತೇನೆ. ಗುಣ ಕಂಡಿತೆಂದು ರೋಗದ ಹೆಸರಿನ ಮುಂದೆ ‘ದೃಢ’ ಎಂದು ಬರೆಯುವುದನ್ನು ಬಿಟ್ಟಿದ್ದೇನೆ. ಕೇಸ್ ಶೀಟಿನಲ್ಲಿ ವೃತ್ತಿಯ ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿಕೊಂಡಿದ್ದೇವೆ: ‘ಮನೆಯಲ್ಲಿ ಅಥವಾ ಮಂದೆಯಲ್ಲಿ ಪ್ರಾಣಿ ಕಂದು ಹಾಕಿದೆಯೇ? ಯಾವಾಗ?’ ಗರ್ಭಪಾತ ಎಂದು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಕಂದು ಎಂದೇ ಕೇಳಬೇಕು.

ಒಂದು ವರ್ಷದ ತಪಾಸಣೆಗೆ ಬಂದಾಗ ಯಜಮಾನರು ಚೆನ್ನಾಗಿದ್ದರು. ಬಗ್ಗಿ ಚಪ್ಪಲಿ ಹಾಕಿಕೊಂಡರು. ಹೊರಡುವ ಮೊದಲು ಅನುಮಾನಿಸುತ್ತ ಒಂದು ಪ್ರಶ್ನೆ ಕೇಳಿದರು. ಆ ಹನ್ನೊಂದು ಕುರಿಗಳನ್ನು ಏನು ಮಾಡಲಿ? ಆಕಸ್ಮಿಕವಾಗಿ ಸತ್ತ ಕುರಿಗೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ, ಇವು ಬದುಕಿವೆ. ಸಾಕುವವರಿಗೆ ಮಾರಬಾರದು ಎಂದು ಗೆಳೆಯ ಹೇಳಿದ್ದ. ಸಂತೆಗೆ ಹೊಡೆದರೆ ಯಾವುದು ಯಾರ ಮಂದೆ ಸೇರುತ್ತದೆ ಎಂದು ಯಾರು ಬಲ್ಲರು? ನನ್ನಲ್ಲಿ ಉತ್ತರವಿರಲಿಲ್ಲ, ಹಾಗೆಂದು ಹೇಳಿದೆ.

“ಹೋದ ತಿಂಗಳು ಒಬ್ಬರು ಸಾಕಲು ಕೇಳಿಕೊಂಡು ಬಂದಿದ್ದರು ಸಾರ್. ಕಂದು ಹಾಕಿದ ಕುರಿ ಎಂದು ಹೇಳಿದೆ. ಹಾಗೆಯೇ ಹಿಂದಿರುಗಿದರು” ಎಂದರು. ಕುರಿಗಳು ಇನ್ನೂ ಬೇರೆ ರೊಪ್ಪದಲ್ಲೇ ಇವೆ. ದಿನಾ ಸಂಜೆ ಅವುಗಳಿಗೆ ಸೊಪ್ಪು ಹಾಕುವುದು ಅವರೇ, ಕೈಗವಸು ತೊಟ್ಟು.